ಎಡಗಿವಿಗೆ ಕೂಗಿ ಹೇಳು

ಶಿಲಿಪು, ಶಾನ್ಶಿ
ಮಾರ್ಚ್ ಮೊದಲ ವಾರ, 1979

ಪ್ರೀತಿಯ ತಂಗಿ ಪೇಯ್ಲಾನ್,

ನಿನ್ನ ಕಾಗದ ಬಂತು. ಲಕೋಟೆಯ ಮೇಲೆ ‘ಕಾಮ್ರೇಡ್ ಝಾವೋಹುವಾ’ ಎಂದು ಬರೆದಿದ್ದೀಯ. ಅಂಚೆಯವನು ಅಂಗಳದಲ್ಲಿ ನಿಂತು ಹಾಗೇ ಕೂಗಿದಾಗ ಬೇರೆ ಯಾರನ್ನೋ ಕರೆಯುತ್ತಿದ್ದಾನೆಂದು ನಾನು ಕಾಳು ಆರಿಸುತ್ತಲೇ ಕೂತಿದ್ದೆ. ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡು, ನಿನ್ನ ತಲೆಯ ಹೇನನ್ನೆಲ್ಲ ನನ್ನ ತಲೆಗೆ ದಾಟಿಸಿದವಳು ನೀನು. ನಿನಗೆ ನಾನು ಕಾಮ್ರೇಡ್ ಆದೆನೇ? ಇರಲಿ. ಇಪ್ಪತ್ತೊಂಬತ್ತು ವರ್ಷದ ಮೇಲೆ ಬಂದ ಕಾಗದ, ಹೇಗೆ ಕರೆದರೂ ಓಗೊಡುತ್ತೇನೆ. ನಾನು ಮಾತ್ರ ನಿನ್ನನ್ನು ತಂಗಿ ಎಂದೇ ಕರೆಯುವುದು.

ಒಳಗೆ ಎರಡು ಹಾಳೆ ಇದ್ದವು. ಅಮ್ಮನಿಗೆ ಬರೆದದ್ದರಲ್ಲಿ, ‘ನಿನ್ನ ಮೇಲಿನ ಸಿಟ್ಟು ಇಳಿದಿದೆ, ನಾನೂ ಸಾಂಸ್ಕೃತಿಕ ಕ್ರಾಂತಿಯ ಹತ್ತು ವರ್ಷದಲ್ಲಿ ಸಾಕಷ್ಟು ಅನುಭವಿಸಿ ಬಂದೆ, ನಿನ್ನನ್ನು ಕ್ಷಮಿಸಿದ್ದೇನೆ’ ಎಂದಿದ್ದೀಯ. ನನಗೆ ಬರೆದದ್ದರಲ್ಲಿ ಒಂದು ಷರತ್ತು. ನನ್ನ ಬಲಗೈಗೆ ಮಾಡಿದ್ದಕ್ಕೆ ಅಮ್ಮ ನನ್ನೆದುರು ನಿಂತು ಒಂದು ಸಲ ಕ್ಷಮೆ ಕೇಳಬೇಕು. ಕೇಳಿದರೆಂದು ನಾನು ಬರೆದರೆ, ಹಿರಿಯರ ಸಮಾಧಿ ಗುಡಿಸುವ ಹಬ್ಬಕ್ಕೆ ನೀನು ಹಾರ್ಬಿನ್‌ನಿಂದ ರೈಲು ಹತ್ತಿ ಬರುತ್ತೀಯ.

ಕೇಳಿದರು, ಪೇಯ್ಲಾನ್. ಕಾಗದ ಬಂದ ದಿನವೇ ಕೇಳಿದರು. ಅಷ್ಟನ್ನೇ ಬರೆದು ಅಂಟು ಹಚ್ಚಿದ್ದರೆ ನೀನು ಬಂದುಬಿಡುತ್ತಿದ್ದೆ, ನನಗೂ ಬೆರಳು ನೋಯಿಸಿಕೊಳ್ಳುವ ಕೆಲಸ ಇರುತ್ತಿರಲಿಲ್ಲ. ನನ್ನಿಂದ ಆಗಲಿಲ್ಲ. ನಿನಗೆ ಏನೂ ಹೇಳುವುದಿಲ್ಲ ಎಂದು ಅಮ್ಮನಿಗೆ ಆಣೆ ಇಟ್ಟಿದ್ದೆ. ಇವತ್ತು ಆ ಆಣೆಯನ್ನು ಮುರಿಯುತ್ತಿದ್ದೇನೆ.

ಮೊದಲು ಆ ದಿನದ ಕಥೆ ಕೇಳು. ಅಮ್ಮನ ಬಲಗಿವಿ ಪೂರ್ತಿ ಹೋಗಿದೆ. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುವುದಿಲ್ಲ. ಏನು ಓದಿ ಹೇಳಬೇಕಾದರೂ ಎಡಗಿವಿಗೆ ಬಾಯಿಟ್ಟು ಕೂಗಬೇಕು. ನಮ್ಮ ಮನೆಯಲ್ಲಿ ಈಗ ಐದು ಸಂಸಾರ ಇವೆ. ನಿನ್ನ ಓದುವ ಕೋಣೆಯಲ್ಲಿ ಒಬ್ಬ ಚಕ್ಕಡಿಯವನ ಮನೆ, ವಿನೆಗರ್ ಜಾಡಿ ಇಡುತ್ತಿದ್ದ ಕೊಟ್ಟಿಗೆಯಲ್ಲಿ ಮುದುಕ ರೆನ್. ನಾನು ‘ನಿನ್ನನ್ನು ಕ್ಷಮಿಸಿದ್ದೇನೆ’ ಎಂದು ಕೂಗಿದ್ದು ಐದೂ ಮನೆಗೆ ಕೇಳಿತು. ಬಟ್ಟೆ ಒಣಹಾಕುತ್ತಿದ್ದ ಚಕ್ಕಡಿಯವನ ಹೆಂಡತಿ ಕೈ ನಿಲ್ಲಿಸಿದಳು. ರೆನ್ ಸುಮ್ಮನೆ ಕೆಮ್ಮಿದ. ಅವರಿಗೆಲ್ಲ ಈಗ ನಿಜ ಗೊತ್ತು. ಈ ಊರಿನಲ್ಲಿ ಗೊತ್ತಿಲ್ಲದವರೇ ಇಲ್ಲ. ಗೊತ್ತಿಲ್ಲದವಳು ನೀನೊಬ್ಬಳೇ.

“ಇನ್ನೊಂದ್ಸಲ ಓದು,” ಎಂದರು ಅಮ್ಮ.

ಓದಿದೆ. ಆಮೇಲೆ ನಿನ್ನ ಷರತ್ತನ್ನೂ ಕೂಗಿದೆ. ಅಮ್ಮ ನನ್ನ ಕೈ ಹಿಡಿದುಕೊಂಡರು. “ನಿನ್ನ ಕೈ ಸುಟ್ಟುಬಿಟ್ಟೆ ಕಣೇ, ಹೊಟ್ಟೆಗೆ ಹಾಕ್ಕೋ,” ಎಂದು ಅತ್ತರು. ಎಪ್ಪತ್ತೆಂಟರ ಮುದುಕಿ ಎಂಥ ನಾಟಕ ಕಲಿತಿದ್ದಾಳಪ್ಪ ಎಂದು ನಾನು ಅತ್ತ ತಿರುಗಿ ಕೂತೆ.

ನಾಟಕ ಎಂದೆನಲ್ಲ, ಈಗ ಅದನ್ನು ಬಿಡಿಸಿ ಹೇಳುತ್ತೇನೆ. ಶಾಲೆಯಲ್ಲಿ ನಿನ್ನ ಕಸೂತಿಗೆ ಬಹುಮಾನ ಬಂದಿತ್ತು, ನೆನಪಿದೆಯೇ? ಎರಡು ಬಾತುಕೋಳಿ, ಒಂದು ತಾವರೆ. ನೀನು ಹೊಲಿದಿದ್ದ ಬಾತುಕೋಳಿ ಮುಲ್ಲಂಗಿಯ ಹಾಗಿತ್ತು. ನೀನು ಆಡಲು ಹೋದಾಗ ಅಮ್ಮ ಅದನ್ನು ಬಿಚ್ಚಿ, ಮತ್ತೆ ಹೊಲಿದು, ನಡುವೆ ನಿನ್ನ ಸೊಟ್ಟ ಹೊಲಿಗೆಯನ್ನು ಎರಡು ಕಡೆ ಹಾಗೇ ಬಿಟ್ಟರು, ಗುರುತು ಸಿಗದಿರಲಿ ಎಂದು. “ಅವಳಿಗೆ ಹೇಳಬೇಡ, ಮಗು ಮನಸ್ಸು ಮುದುಡುತ್ತೆ,” ಎಂದಿದ್ದರು. ಬಹುಮಾನದ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ನೀನು ಊರೆಲ್ಲ ತಿರುಗಿದೆ. ನಿನ್ನ ಅಮ್ಮ ಅಂಥವರು. ಮಗಳ ಪರೀಕ್ಷೆಯೆಂದರೆ ತಮ್ಮದೇ ಪರೀಕ್ಷೆ.

ನೀನು ಬೀಜಿಂಗ್‌ಗೆ ಹೋಗಿ ಕ್ರಾಂತಿಯ ವಿದ್ಯಾಲಯ ಸೇರಿದ ವರ್ಷ ಪ್ರತಿ ವಾರ ಕಾಗದ ಬರೆಯುತ್ತಿದ್ದೆ. ಕೊರೆಯುವ ಚಳಿಯಲ್ಲಿ ಅಂಗಳದಲ್ಲಿ ಕೂತು ಭಾಷಣ ಕೇಳುವುದು, ನವಣೆ ಗಂಜಿ, ಹಾಡು, ಗುಂಪಿನ ಚರ್ಚೆ, ಎಲ್ಲ ಬರೆಯುತ್ತಿದ್ದೆ. ನಾವಿಬ್ಬರೂ ಓದಿ ನಗುತ್ತಿದ್ದೆವು. ಸುಖದಲ್ಲಿ ಬೆಳೆದ ಹುಡುಗಿ ಗಂಜಿ ಹೊಗಳುತ್ತಿದ್ದಾಳಲ್ಲ ಎಂದು ಅಮ್ಮನಿಗೆ ಹೆಮ್ಮೆ. ಆಮೇಲೆ ಕಾಗದಗಳ ಬಣ್ಣ ಬದಲಾಯಿತು. ಕೊನೆಗೆ ಎಲ್ಲರೂ ‘ಚಿಂತನೆಯ ಸಾರಾಂಶ’ ಬರೆದು ಗುಂಪಿನ ಎದುರು ಓದಬೇಕಂತೆ, ಗುಂಪು ಒಪ್ಪಿದರೆ ಮಾತ್ರ ತೇರ್ಗಡೆಯಂತೆ. ಉಳಿದವರೆಲ್ಲ ಮುಗಿಸಿದರು, ನಿನ್ನದನ್ನು ಮಾತ್ರ ಮತ್ತೆ ಮತ್ತೆ ಹಿಂದಕ್ಕೆ ಕೊಡುತ್ತಿದ್ದಾರೆ ಎಂದು ಬರೆದೆ.

ಆ ಕಾಗದ ನನಗೆ ಈಗಲೂ ಬಾಯಿಪಾಠ. ನಮ್ಮ ಮನೆಯವರು ಬಡ್ಡಿಗೆ ಧಾನ್ಯ ಕೊಡುತ್ತಿದ್ದರು ಎಂದು ಬರೆದರೆ, ಇದು ಪತ್ರಿಕೆಯಿಂದ ಎತ್ತಿದ್ದು, ನೀನು ಕಣ್ಣಾರೆ ಕಂಡದ್ದು ಏನು ಎಂದು ಗುಂಪಿನ ಮುಖಂಡ ಶೆನ್ ಕೇಳುತ್ತಾನೆ. ಅಮ್ಮ ಒಳ್ಳೆಯವಳು ಎಂದರೆ, ಸುಲಿಗೆ ಮಾಡುವ ಕೈಗೆ ರೇಷ್ಮೆ ಹೊದಿಸಬೇಡ ಎನ್ನುತ್ತಾನೆ. ಗೆಳತಿಯರೆಲ್ಲ ಮಾತು ಬಿಟ್ಟಿದ್ದಾರೆ. ನಾನೇ ಏನೋ ಬಚ್ಚಿಡುತ್ತಿದ್ದೇನೆ ಎಂದು ನನಗೂ ಅನುಮಾನ ಬರುತ್ತಿದೆ. ಅಮ್ಮಾ, ನೀನು ಏನಾದರೂ ಮಾಡಿದ್ದರೆ ದಯವಿಟ್ಟು ನಿಜ ಹೇಳು. ಹೀಗೆ ಬರೆದಿದ್ದೆ. ಕೊನೆಗೆ, ತೇರ್ಗಡೆಯಾಗದೆ ಊರಿಗೆ ಬರುವುದಕ್ಕಿಂತ ಸಾಯುವುದು ಮೇಲು ಎಂದೂ ಬರೆದಿದ್ದೆ. ಆ ಸಾಲಿನ ಮೇಲೆ ಅಮ್ಮನ ಬೆರಳು ನಿಂತುಬಿಟ್ಟಿತು.

ಎರಡು ಮೂರು ದಿನ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ಒಂದು ಮಧ್ಯಾಹ್ನ ಹಿಟ್ಟು ನಾದುತ್ತಾ ಕೂತಿದ್ದ ನನ್ನ ಪಕ್ಕ ಬಂದು ಕೂತರು.

“ಝಾವೋಹುವಾ, ನಿನ್ನ ಬಲಗೈನ ಸ್ವಲ್ಪ ಸಾಲ ಕೊಡ್ತೀಯೇನೇ?”

“ಬಟ್ಟೆ ಒಗೆಯೋದಿದ್ರೆ ಹೇಳಿ ಅಮ್ಮಾವ್ರೇ, ಒಗೀತೀನಿ. ಸಾಲ ಯಾಕೆ?”

“ಒಗೆಯೋಕಲ್ಲ ಕಣೇ. ಮಗೂನ ಪಾಸ್ ಮಾಡಿಸೋಕೆ.”

ನನ್ನ ಕೈ ಸುಟ್ಟ ಕಥೆ ನಿನಗೆ ನಾನು ಯಾವತ್ತೂ ಪೂರ್ತಿ ಹೇಳಿರಲಿಲ್ಲ. ಆ ವರ್ಷ ನೀನು ಸೋದರತ್ತೆಯ ಮನೆಗೆ ಹೋಗಿದ್ದೆ. ಒಲೆ ದೇವರನ್ನು ಸ್ವರ್ಗಕ್ಕೆ ಕಳಿಸಿಕೊಡುವ ದಿನ, ಮನೆಯ ಮೇಲೆ ಚಾಡಿ ಹೇಳದಿರಲಿ ಎಂದು ಅವನ ಬಾಯಿಗೆ ಬೆಲ್ಲ ಮೆತ್ತುತ್ತಾರಲ್ಲ, ಆ ದಿನ. ಅಮ್ಮ ಬರಗಿನ ಕರಿಗಡುಬು ಕರಿಯುತ್ತಿದ್ದರು. ಅವರು ಬೆನ್ನು ತಿರುಗಿಸಿದ್ದೇ ತಡ, ತೇಲುತ್ತಿದ್ದ ಒಂದು ಕಡುಬಿಗೆ ನಾನು ಕೈ ಹಾಕಿದೆ. ಹತ್ತು ವರ್ಷದ ಹೊಟ್ಟೆಬಾಕಿ, ನನ್ನನ್ನು ನಿಮ್ಮ ಮನೆಗೆ ಆಳಾಗಿ ಮಾರಿದ ನನ್ನ ಹೆತ್ತವರ ಮನೆಯಲ್ಲಿ ಕರಿದ ತಿಂಡಿಯ ವಾಸನೆಯನ್ನೂ ಕಂಡವಳಲ್ಲ. ಕಾಲು ಜಾರಿ, ಕೈ ಮಣಿಕಟ್ಟಿನವರೆಗೂ ಎಣ್ಣೆಗೆ ಹೋಯಿತು. ಅಮ್ಮ ಬಾಣಲೆಯನ್ನು ಒಲೆಯ ಮೇಲೇ ಬಿಟ್ಟು, ನನ್ನನ್ನು ಬೆನ್ನ ಮೇಲೆ ಹೊತ್ತು, ಹಿಮ ಬಿದ್ದ ಬೀದಿಯಲ್ಲಿ ಚಿಕ್ಕಂದಿನಲ್ಲೇ ಬಿಗಿದು ಕಟ್ಟಿ ಕುಗ್ಗಿಸಿದ ಆ ಪುಟ್ಟ ಪಾದಗಳಲ್ಲಿ ಊರ ಪಡುವಣ ಬಾಗಿಲಿನ ವೈದ್ಯನವರೆಗೂ ಓಡಿದರು. ನಡುವೆ ಎರಡು ಸಲ ಬಿದ್ದರು. ನನ್ನ ಕೈ ಮಾತ್ರ ನೆಲಕ್ಕೆ ತಾಗಲು ಬಿಡಲಿಲ್ಲ. ನೀನು ಬಂದು ಕೇಳಿದಾಗ, ಕದ್ದ ಮಾತು ಹೇಳಲು ನಾಚಿಕೆಯಾಗಿ, ಎಣ್ಣೆ ಸಿಡಿಯಿತು ಎಂದಷ್ಟೇ ಹೇಳಿದ್ದೆ. ಅಮ್ಮನೂ ನನ್ನ ಮಾನ ಉಳಿಸಿ ಸುಮ್ಮನಿದ್ದರು.

ಈಗ ಅದೇ ಕಥೆಯನ್ನು ತಲೆಕೆಳಗು ಮಾಡಬೇಕು ಎಂದು ಅವರ ಹಟ. ಕದ್ದು ತಿಂದ ಆಳುಹುಡುಗಿಯ ಕೈಯನ್ನು ಯಜಮಾನಿ ಕುದಿಯುವ ಎಣ್ಣೆಗೆ ಅದ್ದಿದಳು. ಕೈಯ ಮೇಲೆ ಗುರುತು ಇದೆ, ಮಗಳು ಅವತ್ತು ಮನೆಯಲ್ಲಿರಲಿಲ್ಲ. ಯಾರೂ ಬೆರಳಿಡಲಾಗದ ಕಥೆ.

“ತಲೆ ಕೆಟ್ಟಿದೆಯಾ ಅಮ್ಮಾವ್ರೇ? ಕದಿಯೋಕೆ ಹೋಗಿ ಸುಟ್ಕೊಂಡೋಳು ನಾನು. ಮೇಲೆ ಒಲೆ ದೇವರು ನೋಡ್ತಿಲ್ವಾ?”

“ಅವನ ಬಾಯಿಗೆ ವರ್ಷಾ ವರ್ಷಾ ಬೆಲ್ಲ ಮೆತ್ತಿದೀನಿ. ಒಂದ್ಸಲ ಬಾಯಿ ಮುಚ್ಕೊಂಡಿರ್ತಾನೆ ಬಿಡು.”

“ಅವಳು ನಂಬಿಬಿಟ್ರೆ?”

“ನನ್ನ ಮಗಳು ನಂಬ್ತಾಳೇನೇ? ಓದಿದ ತಕ್ಷಣ ಗೊತ್ತಾಗುತ್ತೆ, ಅಮ್ಮ ಮತ್ತೆ ಬಾತುಕೋಳಿ ಹೊಲಿದಿದ್ದಾಳೆ ಅಂತ.”

ನೋಡು, ಅಲ್ಲೇ ಅವರು ಎಡವಿದ್ದು. ಬಾತುಕೋಳಿಯ ವಿಷಯ ನಿನಗೆ ಯಾರೂ ಹೇಳಿಯೇ ಇರಲಿಲ್ಲವಲ್ಲ. ಅದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅಮ್ಮ ಆ ಸುಳ್ಳನ್ನೇ ತಪ್ಪೊಪ್ಪಿಗೆಯ ಹಾಗೆ ಬರೆದು ನಿನಗೆ ಕಳಿಸಿದರು. ನಿನ್ನ ಉತ್ತರ ನಾಲ್ಕು ಸಾಲು. ಗುಂಪಿನ ಎದುರು ಆ ಕಾಗದವನ್ನು ಓದುತ್ತಾ ಅತ್ತೆ, ಎಲ್ಲರೂ ಅತ್ತರು, ಚಪ್ಪಾಳೆ ತಟ್ಟಿ ನನ್ನನ್ನು ಒಪ್ಪಿಕೊಂಡರು, ಇವತ್ತಿನಿಂದ ನಾನು ನಿನ್ನ ಮಗಳಲ್ಲ. ಅಮ್ಮ ಮೊದಲು “ಪಾಸಾಯ್ತು ಕಣೇ ಮಗು!” ಎಂದು ನನ್ನ ಬೆನ್ನಿಗೆ ಗುದ್ದಿದರು. ಕೊನೆಯ ಸಾಲನ್ನು ಎರಡನೆಯ ಸಲ ಓದಿದರು. “ಗುಂಪಿನೋರಿಗೆ ತೋರಿಸೋಕೆ ಹಾಗೆ ಬರ್ದಿದಾಳೆ. ರಜೆಗೆ ಬರ್ತಾಳೆ, ನೋಡ್ತಿರು,” ಎಂದರು. ಹೊಸ ಹತ್ತಿ ತುಂಬಿ ನಿನಗೆ ಹಾಸಿಗೆಯನ್ನೂ ಹೊಲಿದರು. ಅದು ಇನ್ನೂ ಪೆಟ್ಟಿಗೆಯಲ್ಲಿದೆ.

ರಜೆಗೆ ನೀನು ಬರಲಿಲ್ಲ. ನಿನ್ನ ಬದಲು ಆ ಕಾಗದದ ನಕಲು ಬಂತು. ನಿಮ್ಮ ಶೆನ್ ಕಾಳಜಿಯ ಮನುಷ್ಯ, ಇಂಥ ಕ್ರೂರಿ ಯಾವ ಊರಿನಲ್ಲಿದ್ದಾಳೋ ಆ ಊರಿಗೂ ತಿಳಿಯಲಿ ಎಂದು ಜಿಲ್ಲೆಗೆ ಕಳಿಸಿದ್ದನಂತೆ. ನೀನು ಅದನ್ನು ಕಳಿಸು ಎಂದೆಯೋ, ನಿನಗೆ ತಿಳಿಯದೆ ಹೋಯಿತೋ, ನಾನು ಕೇಳುವುದಿಲ್ಲ. ಅದನ್ನು ನೀನೇ ಇಟ್ಟುಕೋ.

ಊರಿನ ನಾಟಕದ ಕಟ್ಟೆಯ ಮೇಲೆ, ಭೂಮಾಲಕರನ್ನು ಜನರೆದುರು ವಿಚಾರಿಸುವ ಸಭೆ. ಅಮ್ಮ ಮಂಡಿಯೂರಿದ್ದರು. ರೈತ ಸಂಘದ ಮುಂದಾಳು ಯಾರು ಗೊತ್ತೇ? ನಮ್ಮ ರೆನ್, ನಮ್ಮಲ್ಲೇ ವಿನೆಗರ್ ಹದ ಮಾಡುತ್ತಿದ್ದವನು. ಕಾಗದ ಓದಿಸಿ, ನನ್ನನ್ನು ಮೇಲೆ ಕರೆದ.

“ಝಾವೋಹುವಾ, ಹೆದರ್ಬೇಡ. ಕೈ ತೋರ್ಸು.”

ತೋರಿಸಿದೆ. “ಇದು ನಾನೇ ಸುಟ್ಕೊಂಡಿದ್ದು. ಕಡುಬು ಕದಿಯೋಕೆ ಹೋಗಿದ್ದೆ,” ಎಂದೆ. ಜನ ನಕ್ಕರು. ಆಳಿನ ಬುದ್ಧಿ ಇನ್ನೂ ಬಿಟ್ಟಿಲ್ಲ ಎಂದು ಯಾರೋ ಕೂಗಿದರು. ಅಷ್ಟರಲ್ಲಿ ಮಂಡಿಯೂರಿದ್ದ ಅಮ್ಮ ತಲೆ ಎತ್ತಿದರು.

“ಸುಳ್ಳು ಹೇಳ್ತಾಳೆ! ಮೊದ್ಲಿಂದ್ಲೂ ಸುಳ್ಳುಬುರುಕಿ ಇವಳು. ನಾನೇ ಅದ್ದಿದ್ದು.”

“ನೀವು ಅದ್ದಿದ್ರಾ? ಹಾಗಾದ್ರೆ ಹಿಮದಲ್ಲಿ ನನ್ನ ಹೊತ್ಕೊಂಡು ಓಡ್ದೋರು ಯಾರು, ನಿಮ್ಮ ಮುತ್ತಾತನಾ?”

“ಬಾಯಿ ಮುಚ್ಚೇ, ಕಳ್ಳಿ!”

“ಕಳ್ಳೀನೇ! ಅದನ್ನೇ ಹೇಳ್ತಿರೋದು ನಾನು!”

ಯೋಚನೆ ಮಾಡು. ಅಪರಾಧಿ ಎಂದು ಎಳೆತಂದವರು ನಾನೇ ಮಾಡಿದೆ ಎನ್ನುತ್ತಾರೆ, ನೊಂದವಳು ಅವರು ಮಾಡಿಲ್ಲ ಎನ್ನುತ್ತಾಳೆ. ಇಂಥ ಸಭೆಯನ್ನು ಜಗತ್ತಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಬಾವಿಕಟ್ಟೆಯ ಹತ್ತಿರ ಜಗಳ ಆಡುವ ಹೆಂಗಸರ ಹಾಗೆ ಕಿತ್ತಾಡಿದೆವು. ಅಮ್ಮ ನನ್ನನ್ನು ನೋಡಿದ ನೋಟದಲ್ಲಿ ನನಗೆ ಅರ್ಥವಾಯಿತು. ಅವರ ಕಾಗದ ಸುಳ್ಳು ಎಂದಾದರೆ ನಿನ್ನ ಸಾರಾಂಶವೂ ಸುಳ್ಳು. ಪಕ್ಷಕ್ಕೆ ಸುಳ್ಳು ಓದಿ ತೇರ್ಗಡೆಯಾದವಳು ಎಂದು ನಿನ್ನನ್ನು ಎಳೆಯುತ್ತಾರೆ. ನಾನು ಸುಮ್ಮನಾದದ್ದನ್ನೇ ಒಪ್ಪಿಗೆ ಎಂದು ಹಿಡಿದರು. ಕಟ್ಟೆ ಹತ್ತಿ ಬಂದ ಒಬ್ಬ ಧಾಂಡಿಗ ಅಮ್ಮನ ಬಲಗೆನ್ನೆಗೆ ಹೊಡೆದ. ಆ ಕಿವಿ ಅವತ್ತು ಹೋದದ್ದು. ರೆನ್ ಕಾಗದವನ್ನು ಮಡಿಸುತ್ತಾ, ಬಿಚ್ಚುತ್ತಾ, ಮಡಿಸುತ್ತಾ ನಿಂತಿದ್ದ. ನನ್ನ ಕೈ ಸುಟ್ಟ ದಿನ ಒಲೆಯ ಮೇಲಿನ ಬಾಣಲೆ ಇಳಿಸಿದವನು ಅವನೇ. ಆದರೆ ಕಾಗದ ಬೀಜಿಂಗ್‌ನಿಂದ ಬಂದಿತ್ತು, ಅವನು ಯಾರು ಅದನ್ನು ಸುಳ್ಳು ಎನ್ನಲು?

ಮನೆಯನ್ನು ಹಂಚಿದಾಗ ಅಮ್ಮನ ಕೋಣೆ ನನ್ನ ಪಾಲಿಗೆ ಬಂತು, ನೊಂದವಳೆಂದು. ನಾನು ಅಮ್ಮನನ್ನು ಕರೆದುಕೊಂಡು ಹೋಗಿ ಅವರ ಮಂಚದ ಮೇಲೇ ಮಲಗಿಸಿದೆ. ಅಮ್ಮಾವ್ರೇ ಎನ್ನುವುದನ್ನು ಅವತ್ತು ಬಿಟ್ಟೆ, ಅಮ್ಮ ಎಂದೆ. ಅದಕ್ಕೂ ಅಧ್ಯಯನ ಸಭೆಯಲ್ಲಿ ಬೈಸಿಕೊಂಡೆ. ಅಮ್ಮನ ತಲೆಗೆ ಭೂಮಾಲಕಿಯೆಂಬ ಹಣೆಪಟ್ಟಿಯ ಟೋಪಿ, ಬೀದಿ ಗುಡಿಸುವ ಕೆಲಸ. ಹೊಸ ಚಳವಳಿ ಬಂದಾಗಲೆಲ್ಲ ಅವರನ್ನು ಕರೆಸಿ ಅದೇ ಕಥೆ ಹೇಳಿಸುವರು. ಹೇಗೆ ಕೈ ಹಿಡಿದೆ, ಹೇಗೆ ಅದ್ದಿದೆ, ಹುಡುಗಿ ಹೇಗೆ ಕಿರುಚಿದಳು. ವರ್ಷ ಕಳೆದ ಹಾಗೆ ಕಥೆ ಚೆನ್ನಾಗಿ ಬೆಳೆಯಿತು.

ನೀನೀಗ ಪಕ್ಷದ ಹೊಸ ಸದಸ್ಯರಿಗೆ ತರಬೇತಿ ಕೊಡುತ್ತೀಯಂತೆ. ಪ್ರತಿ ತಂಡಕ್ಕೂ ಅಮ್ಮನ ಕಾಗದ ಓದಿ ಹೇಳುತ್ತೀಯಂತೆ, ಓದಿದಾಗಲೆಲ್ಲ ಹುಡುಗ ಹುಡುಗಿಯರು ಅಳುತ್ತಾರಂತೆ. ಅದನ್ನು ಓದಿದಾಗ ನನಗೆ ಬಂದ ಸಿಟ್ಟಿಗೆ ನಿನ್ನ ಕಾಗದವನ್ನು ಒಲೆಗೆ ಹಾಕಬೇಕು ಎನ್ನಿಸಿತು. ಹಾಕಲಿಲ್ಲ. ಒಂದೇ ಒಂದು ಸಲ ನನ್ನನ್ನು ಕೇಳಬಾರದಿತ್ತೇ, ಪೇಯ್ಲಾನ್? ನನ್ನ ಕೈಗಾಗಿ ಅಷ್ಟು ಅತ್ತವಳು, ಆ ಕೈ ಯಾರದೋ ಅವಳಿಗೆ ಒಂದು ಸಾಲು ಬರೆಯಬಾರದಿತ್ತೇ?

ನನ್ನನ್ನೂ ನಾನು ಬಿಡುವುದಿಲ್ಲ. ನಿನ್ನ ವಿಳಾಸ ಹುಡುಕಿದ್ದರೆ ಸಿಗುತ್ತಿತ್ತು. ಈಗ ಬರೆದರೆ ಅವಳ ಕೆಲಸ ಹೋದೀತು, ಮುಂದಿನ ವರ್ಷ ಬರೆಯೋಣ ಎಂದುಕೊಂಡೇ ನಮ್ಮಿಬ್ಬರ ತಲೆಯೂ ನೆರೆಯಿತು. ಹೋದ ತಿಂಗಳು ಕಚೇರಿಯವರು ಬಂದು ಅಮ್ಮನ ಭೂಮಾಲಕಿ ಟೋಪಿ ತೆಗೆದಿದ್ದೇವೆ ಎಂದು ಹೇಳಿ ಹೋದರು. ಇನ್ನು ಈ ನಿಜದಿಂದ ನಿನಗೆ ಯಾರೂ ಏನೂ ಮಾಡುವುದಿಲ್ಲ ಎಂಬ ಧೈರ್ಯದ ಮೇಲೆ ಬರೆದಿದ್ದೇನೆ. ಸುಟ್ಟ ಬೆರಳು ಸರಿಯಾಗಿ ಮಡಿಯದೆ ಅಕ್ಷರ ಸೊಟ್ಟಗಾಗಿದೆ. ಬರೆಯಲು ಕಲಿಸಿದವರು ನಿನ್ನ ಅಮ್ಮನೇ, ಬೈಯುವುದಿದ್ದರೆ ಅವರನ್ನು ಬೈ.

ಬೇಗ ಬಾ. ಈ ಚಳಿಗಾಲವನ್ನು ಅವರು ದಾಟಿದ್ದೇ ಹೆಚ್ಚು. ಹಬ್ಬದವರೆಗೆ ಕಾಯಬೇಡ, ಕಾಗದ ಸಿಕ್ಕಿದ ದಿನವೇ ಹೊರಡು.

ನಿನ್ನ ಹೇನು ಹೊತ್ತವಳು,
ನಿನ್ನ ಅಕ್ಕ
ಝಾವೋಹುವಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅಮ್ಮ ಅತ್ತದ್ದು ನಾಟಕ ಎಂದು ಮೇಲೆ ಬರೆದೆ. ಅದು ಸುಳ್ಳು. ಮೊದಮೊದಲು ನಾಟಕವೇ ಆಗಿತ್ತು. ಸಭೆಯಿಂದ ಬಂದು, “ಇವತ್ತು ಹೇಗಿತ್ತು ನನ್ನ ಪಾರ್ಟು?” ಎಂದು ಕಣ್ಣು ಮಿಟುಕಿಸುತ್ತಿದ್ದರು. ಹೇಳಿ ಹೇಳಿ, ಯಾವ ವರ್ಷ ಎಂದು ನನಗೂ ಗೊತ್ತಾಗಲಿಲ್ಲ, ಕಣ್ಣು ಮಿಟುಕಿಸುವುದು ನಿಂತುಹೋಯಿತು. ಈಗ ಅವರಿಗೆ ಹಿಮ ನೆನಪಿಲ್ಲ, ವೈದ್ಯ ನೆನಪಿಲ್ಲ, ನನ್ನನ್ನು ಹೊತ್ತದ್ದು ನೆನಪಿಲ್ಲ. ಅದ್ದಿದ್ದು ಮಾತ್ರ ನೆನಪಿದೆ. ಬೆಳಿಗ್ಗೆ ಎದ್ದರೆ ನನ್ನ ಕೈ ಸವರಿ, “ಇನ್ನೂ ಉರಿಯುತ್ತಾ ಮಗಾ?” ಎಂದು ಕೇಳುತ್ತಾರೆ. ನೀವು ಮಾಡಿಲ್ಲ ಅಮ್ಮಾ ಎಂದು ವರ್ಷಗಟ್ಟಲೆ ಕೂಗಿದೆ. ನೀನು ಒಳ್ಳೆಯವಳು, ಅದಕ್ಕೇ ಹಾಗೆ ಹೇಳುತ್ತೀಯ ಎಂದು ಇನ್ನೂ ಹೆಚ್ಚು ಅಳುತ್ತಾರೆ. ನಿನ್ನ ಕಾಗದ ಬಂದ ಆ ಒಂದು ದಿನ ಮಾತ್ರ ನೆಮ್ಮದಿಯಿಂದ ನಿದ್ದೆ ಮಾಡಿದರು. ಎದ್ದವರಿಗೆ ನೀನು ಕ್ಷಮಿಸಿದ್ದು ಮರೆತುಹೋಗಿತ್ತು.

ಅದಕ್ಕೇ ಹೇಳುತ್ತೇನೆ. ಬಂದಾಗ ಅವರ ಕಾಲು ಹಿಡಿದು ತಪ್ಪಾಯಿತು ಎನ್ನಬೇಡ, ಅದು ಅವರಿಗೆ ಅರ್ಥವಾಗುವುದಿಲ್ಲ. ನಿನಗೆ ಏನು ಅಳು ಇದ್ದರೂ ರೈಲಿನಲ್ಲೇ ಅತ್ತು ಮುಗಿಸಿಕೊಂಡು ಬಾ. ಅವರ ಪಕ್ಕ ಕೂತು, ಎಡಗಿವಿಗೆ ಬಾಯಿಟ್ಟು, ಅಮ್ಮಾ, ನಿನ್ನನ್ನು ಕ್ಷಮಿಸಿದ್ದೇನೆ ಎಂದು ಕೂಗಿ ಹೇಳು. ಐದೂ ಮನೆಗೆ ಕೇಳಿದರೂ ಕೇಳಲಿ. ಮಾರನೆಯ ದಿನ ಮತ್ತೆ ಹೇಳು.